ಕೆಂಪು ಲೈಟ್ ಬಂದಾಗ ಯಾರು ಬರುತ್ತಾರೆ? ನಮ್ಮ ಕೇಬಲ್‌ನವರ ಇಂಟರ್ನೆಟ್, ನಾಲ್ಕು ವರ್ಷದ ನಂತರ

ನನ್ನ ಕೆಲಸ ಲೆಕ್ಕ ಬರೆಯುವುದು. ತೀರ್ಥಹಳ್ಳಿ ಪೇಟೆಯ 31 ಅಂಗಡಿಗಳ ಜಿಎಸ್‌ಟಿ ರಿಟರ್ನ್ ನಾನೇ ಹಾಕುತ್ತೇನೆ. ಮನೆಯಿಂದಲೇ. ಮನೆ ಇರುವುದು ಆಗುಂಬೆ ರಸ್ತೆಯಿಂದ 6 ಕಿಲೋಮೀಟರ್ ಒಳಗೆ, ಅಡಿಕೆ ತೋಟದ ತಲೆಯಲ್ಲಿ. 11ನೇ ತಾರೀಖು ಜಿಎಸ್‌ಟಿಆರ್-1, 20ನೇ ತಾರೀಖು 3ಬಿ; ಮೊದಲನೆಯದು ಮಾರಾಟದ ವಿವರ, ಎರಡನೆಯದು ತೆರಿಗೆಯ ಲೆಕ್ಕ. ಒಂದು ದಿನ ತಪ್ಪಿದರೆ ಅಂಗಡಿಯವರಿಗೆ ದಿನಕ್ಕೆ 50 ರೂಪಾಯಿ ದಂಡ. ಆ ದಂಡ ನನ್ನಿಂದ ಆಯಿತು ಅಂದರೆ ಮುಂದಿನ ತಿಂಗಳು ಅವರು ಬೇರೆಯವರನ್ನು ಹುಡುಕುತ್ತಾರೆ. ಹಾಗಾಗಿ ನನಗೆ ಇಂಟರ್ನೆಟ್ ಅಂದರೆ ಮೊದಲು ಆ ಎರಡು ದಿನ.

ಈ ಲೈನ್ ಹಾಕಿಸಿದ್ದು 2021ರ ಡಿಸೆಂಬರ್‌ನಲ್ಲಿ. ಕೊಡುತ್ತಿರುವವರು ನಮ್ಮ ಹೋಬಳಿಯಲ್ಲಿ ಮೊದಲಿನಿಂದ ಟಿವಿ ಕೇಬಲ್ ನಡೆಸುತ್ತಿದ್ದವರು. ಹೆಸರು ಬರೆಯುವುದಿಲ್ಲ. ಸುತ್ತಲಿನವರಿಗೆ ಗೊತ್ತೇ ಇದೆ. ದೂರದವರಿಗೆ ಹೆಸರಿನಿಂದ ಉಪಯೋಗವಿಲ್ಲ, ಅವರ ಲೈನ್ ಹೋಬಳಿ ದಾಟುವುದಿಲ್ಲ. ಅವರು, ಬಿಲ್ಲು ನೋಡಿಕೊಳ್ಳುವ ಅವರ ಹೆಂಡತಿ, ಏಣಿ ಹತ್ತುವ ಇಬ್ಬರು ಹುಡುಗರು. ಅಷ್ಟೇ ಜನ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಮಲೆನಾಡಿನ ಎಷ್ಟೋ ಊರಲ್ಲಿ ಇದೇ ತರಹದ ಸಣ್ಣ ಕೇಬಲ್‌ನವರು ಫೈಬರ್, ಅಂದರೆ ಬೆಳಕಿನಲ್ಲಿ ಇಂಟರ್ನೆಟ್ ಒಯ್ಯುವ ಗಾಜಿನ ಎಳೆಯ ಕೇಬಲ್, ಎಳೆಯುತ್ತಿದ್ದಾರೆ. ಹಾಕಿಸಬೇಕೋ ಬೇಡವೋ ಎಂದು ಯೋಚಿಸುವವರಿಗೆ ನಮ್ಮ ಅನುಭವ ಉಪಯೋಗಕ್ಕೆ ಬರಬಹುದು.

ಮೊದಲು ಏನಿತ್ತು ಅಂತ ಹೇಳಿದರೆ ಮಾತ್ರ ಈಗಿನದ್ದು ಅರ್ಥವಾಗುತ್ತದೆ. 2008ರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ ಲ್ಯಾಂಡ್‌ಲೈನ್ ಮೇಲೆ ಬ್ರಾಡ್‌ಬ್ಯಾಂಡ್ ಇತ್ತು. 2004ರ ಸರ್ಕಾರಿ ನೀತಿಯ ಪ್ರಕಾರ 256 ಕೆಬಿಪಿಎಸ್ ವೇಗ (1 ಎಂಬಿಪಿಎಸ್ಸಿನ ಕಾಲು ಭಾಗ) ಬಂದರೆ ಅದು ಬ್ರಾಡ್‌ಬ್ಯಾಂಡ್. ನಮಗೆ ಅದೂ ಪೂರ್ತಿ ಬರುತ್ತಿರಲಿಲ್ಲ. ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜ್‌ನಿಂದ ದೂರ ಹೋದಷ್ಟೂ ಸಿಗ್ನಲ್ ಸೊರಗುತ್ತದೆ. ನಮ್ಮದು ಲೈನಿನ ಕೊನೆಯ ಮನೆ. ಮಳೆಗಾಲದಲ್ಲಿ ಜಾಯಿಂಟಿಗೆ ನೀರಿಳಿದರೆ ಫೋನ್ ಎತ್ತಿದರೂ ಬರೀ ಗರಗರ. ಆಮೇಲೆ ರಸ್ತೆ ಅಗಲ ಮಾಡುವಾಗ ತಂತಿ ಹೋಯಿತು. ಮತ್ತೆ ಸೇರಿಸಲಿಲ್ಲ.

ನಂತರ ಡಾಂಗಲ್, ಮೊಬೈಲ್ ಸಿಮ್ಮಿನಿಂದ ಇಂಟರ್ನೆಟ್ ಕೊಡುವ ಕಡ್ಡಿ. ಅಟ್ಟದ ಕಿಟಕಿಗೆ ಕಟ್ಟಿ ಇಡುತ್ತಿದ್ದೆವು. ಎದುರು ಗುಡ್ಡದಲ್ಲಿ ದೊಡ್ಡ ಕಂಪನಿಯೊಂದರ ಟವರ್ ಬಂತು. ಕರೆಂಟ್ ಇದ್ದರೆ ಸಿಗ್ನಲ್. ಕರೆಂಟ್ ಹೋಗಿ ಎರಡು ಗಂಟೆಯಾದರೆ ಟವರಿನ ಬ್ಯಾಟರಿ ಖಾಲಿ. ಜನರೇಟರ್ ಇದೆ, ಡೀಸೆಲ್ ಹಾಕುವವರಿಲ್ಲ. ದೂರು ಕೊಟ್ಟೆ. ಮೂರನೇ ದಿನ "ನಿಮ್ಮ ದೂರು ಬಗೆಹರಿದಿದೆ" ಅಂತ ಮೆಸೇಜ್ ಬಂದಿತ್ತು. ಯಾರೂ ಬಂದಿರಲಿಲ್ಲ, ಟವರ್ ಹಾಗೇ ಸತ್ತಿತ್ತು. ಆ ಮೆಸೇಜನ್ನು ಓದಲಿಕ್ಕೂ ನಾನು ಮುಖ್ಯರಸ್ತೆಯ ತನಕ ಹೋಗಬೇಕಾಯಿತು. ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ.

2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮೂರಿನ ಮಕ್ಕಳು ಬ್ಯಾಣದ (ಹುಲ್ಲುಗುಡ್ಡದ) ನೆತ್ತಿಯಲ್ಲಿ ಟಾರ್ಪಾಲ್ ಕಟ್ಟಿಕೊಂಡು ಕ್ಲಾಸು ಕೇಳಿದರು. ನನ್ನ ಮಗಳು ಆಗ ಆರನೇ ಕ್ಲಾಸು. ಸಂಜೆ ಬಂದ ಮೇಲೆ ಅವಳ ಕಾಲಿನಿಂದ ಉಂಬಳ ಕಿತ್ತು ಸುಣ್ಣ ಹಚ್ಚುತ್ತಿದ್ದೆ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಊರಿನವರೆಲ್ಲ ಸೇರಿ ಕೇಬಲ್‌ನವರ ಹತ್ತಿರ ಹೋದೆವು. "ಇಪ್ಪತ್ತು ಮನೆ ಆದ್ರೆ ಎಳೀತೀನಿ" ಅಂದರು. ಹದಿನೇಳು ಮನೆ ಆಯಿತು. ಒಪ್ಪಿಕೊಂಡರು.

ಖರ್ಚು ಹೇಳಿಬಿಡುತ್ತೇನೆ. ರಸ್ತೆಯ ಪೆಟ್ಟಿಗೆಯಿಂದ ನಮ್ಮ ಮನೆಗೆ 900 ಮೀಟರ್ ಕೇಬಲ್. ಕೇಬಲ್, ಕೂಲಿ, ಮನೆಯೊಳಗಿನ ಡಬ್ಬಿ (ಮೋಡೆಮ್) ಎಲ್ಲ ಸೇರಿ 7,400 ರೂಪಾಯಿ. ತಿಂಗಳಿಗೆ 599, ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 707. ವೇಗ 50 ಎಂಬಿಪಿಎಸ್ ಅಂತ. ಮೊದಲ ವರ್ಷ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು, ಜಿಎಸ್‌ಟಿ ನಂಬರ್ ಇರುತ್ತಿರಲಿಲ್ಲ. ನನ್ನ ಹೊಟ್ಟೆಪಾಡೇ ಅದು, ನಾನು ಬಿಡಲಿಲ್ಲ. ಅವರ ಹೆಂಡತಿಯ ಜೊತೆ ಎರಡು ಮಧ್ಯಾಹ್ನ ಕೂತು ಬಿಲ್ಲಿನ ಪುಸ್ತಕ ಸರಿ ಮಾಡಿದೆವು. ಈಗ ಸರಿಯಾದ ಬಿಲ್ಲು ಬರುತ್ತದೆ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಗಲು 50ಕ್ಕೆ 48 ಸಿಗುತ್ತದೆ. ರಾತ್ರಿ 8ರಿಂದ 10ರ ತನಕ 12, 15ಕ್ಕೆ ಇಳಿಯುತ್ತದೆ. ಇದು ಫೈಬರಿನ ತಪ್ಪಲ್ಲ. ಒಂದು ಎಳೆಯಲ್ಲಿ 2.5 ಗಿಗಾಬಿಟ್ ಬರುತ್ತದೆ, ಅದನ್ನು ಹದಿನೇಳು ಮನೆಗೆ ಹಂಚಿದರೂ ಬೇಕಾದಷ್ಟಾಯಿತು. ಇಕ್ಕಟ್ಟಾಗುವುದು ಆಚೆ, ಅವರು ಮೇಲಿನ ದೊಡ್ಡ ಕಂಪನಿಯಿಂದ ಕೊಳ್ಳುವ ಲೈನಿನಲ್ಲಿ. ಎಲ್ಲರೂ ಊಟ ಮಾಡಿ ವಿಡಿಯೋ ಹಾಕುವ ಹೊತ್ತಿಗೆ ಅದು ಸಾಲುವುದಿಲ್ಲ. "ಇನ್ನೂ ಐವತ್ತು ಮನೆ ಸೇರಿದ್ರೆ ದೊಡ್ಡ ಲೈನ್ ತಗೋತೀನಿ ಅಕ್ಕಾ" ಅನ್ನುತ್ತಾರೆ. ಮೂರು ವರ್ಷದಿಂದ ಅದೇ ಮಾತು. ಇಲ್ಲಿ ಅವರಿಗೆ ಒಂದು ಅಂಕ ಕಡಿಮೆ ಕೊಡುತ್ತೇನೆ.

ಈಗ ಮುಖ್ಯ ವಿಷಯ, ಲೈನ್ ಕಡಿಯುವುದು. ಡಬ್ಬಿಯ ಮೇಲೆ ಲಾಸ್ ಅಂತ ಒಂದು ದೀಪ ಇದೆ. ಅದು ಕೆಂಪಾದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ. ಎಲ್ಲೋ ಕೂದಲಷ್ಟು ದಪ್ಪದ ಗಾಜು ಮುರಿದಿದೆ. ಮೊದಲ ದಿನದಿಂದ ನಾನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಇದು ಸುಮ್ನೆ ಅಂದಾಜಲ್ಲ. ನಾಲ್ಕು ವರ್ಷದಲ್ಲಿ 43 ಸಲ ಹೋಗಿದೆ. ಮರ ಅಥವಾ ಕೊಂಬೆ ಬಿದ್ದು 19. ಮಂಗ, ಅಳಿಲು ಕಡಿದು 6. ಸಿಡಿಲಿನಿಂದ 5. ಅಡಿಕೆ ಕೊನೆ (ಗೊನೆ) ತೆಗೆಯುವಾಗ ಅದು ಬಿದ್ದೋ ದೋಟಿ (ಕೊಯ್ಯುವ ಉದ್ದ ಕೋಲು) ಸಿಕ್ಕಿಯೋ 4. ಜೆಸಿಬಿ 4. ಉಳಿದ 5 ಸಲ ತಪ್ಪು ಊರಿನ ಆಚೆ. 43ರಲ್ಲಿ 29 ಸಲ ಮರುದಿನ ಮಧ್ಯಾಹ್ನದೊಳಗೆ ಸರಿಯಾಗಿದೆ. ಅತಿ ಹೆಚ್ಚು ಅಂದರೆ 6 ದಿನ.

43 ಅಂದರೆ ಪೇಟೆಯವರಿಗೆ ಗಾಬರಿಯಾಗಬಹುದು. ನನಗೆ ಅದಕ್ಕಿಂತ ದೊಡ್ಡದು 29. ಫೋನ್ ಮಾಡಿದರೆ ಮನುಷ್ಯ ಎತ್ತುತ್ತಾರೆ. "ಅಕ್ಕಾ, ಕೆಂಪು ಲೈಟ್ ಬಂದಿದ್ಯಾ? ಕೆಳಗಿನ ಮನೆಯವರದ್ದೂ ಹೋಗಿದ್ಯಾ?" ಎರಡನೇ ಪ್ರಶ್ನೆಯಿಂದಲೇ ಎಲ್ಲಿ ಕಡಿದಿದೆ ಅಂತ ಅರ್ಧ ಗೊತ್ತಾಗುತ್ತದೆ. ಯಾವ ಹಲಸಿನ ಮರದ ಕೊಂಬೆ ಒಣಗಿದೆ, ಯಾವ ಧರೆ ಈ ಸಲ ಜಾರಬಹುದು, ಆ ಹುಡುಗರಿಗೆ ಗೊತ್ತು. ಒಮ್ಮೆ ಆಗಸ್ಟಿನಲ್ಲಿ, 19ನೇ ತಾರೀಖು ಸಂಜೆ ಲೈನ್ ಹೋಯಿತು. ಮಾರನೇ ದಿನ 3ಬಿ. ಬೆಳಿಗ್ಗೆ 7ಕ್ಕೆ ಇಬ್ಬರೂ ಬಂದರು. ಕಂಬಳಿಕೊಪ್ಪೆ ಹಾಕಿಕೊಂಡು ಒಬ್ಬ ಛತ್ರಿ ಹಿಡಿದ, ಇನ್ನೊಬ್ಬ ಮಂಡಿಯ ಮೇಲೆ ಮಿಷನ್ ಇಟ್ಟುಕೊಂಡು ಗಾಜಿನ ಎರಡು ತುದಿ ಸೇರಿಸಿದ. ಆ ಮಿಷನ್ ಒಂದು ಸಣ್ಣ ಕಿಡಿ ಹಾರಿಸಿ ಗಾಜನ್ನು ಕರಗಿಸಿ ಬೆಸೆಯುತ್ತದೆ. ಒಂದು ಹನಿ ನೀರು, ಒಂದು ಧೂಳು ಬಿದ್ದರೂ ಬೆಸುಗೆ ಕೆಡುತ್ತದೆ. ಮೂರು ಸಲ ಕೆಟ್ಟಿತು. ನಾಲ್ಕನೇ ಸಲ ಬೆಳಕಿನ ಬಲ ಅಳೆಯುವ ಮೀಟರಿನಲ್ಲಿ ಮೈನಸ್ 24 ತೋರಿಸಿತು. ಮೈನಸ್ 27ರ ತನಕ ನಮ್ಮ ಡಬ್ಬಿ ತಡೆದುಕೊಳ್ಳುತ್ತದೆ. "ಸಾಕು ಅಕ್ಕಾ, ಹಾಕಿ ನಿಮ್ಮ ರಿಟರ್ನು" ಅಂದ. 31 ರಿಟರ್ನೂ ಅವತ್ತೇ ಹೋದವು.

ಸಿಡಿಲಿನ ವಿಷಯ ಬೇರೆಯೇ ಹೇಳಬೇಕು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಫೈಬರಿಗೆ ಸಿಡಿಲಿನ ಭಯವಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ. ಆದರೆ ನೇತು ಹಾಕುವ ಕೇಬಲಿನಲ್ಲಿ ಬಲಕ್ಕೆ ಅಂತ ಒಂದು ಸ್ಟೀಲ್ ತಂತಿ ಇರುತ್ತದೆ. ಅದು 900 ಮೀಟರ್ ಉದ್ದಕ್ಕೂ ಮರದ ಮೇಲೆ ಇದೆ. ಇನ್ನೊಂದು ಕಡೆ ಡಬ್ಬಿಯ ಅಡಾಪ್ಟರ್ ಮನೆಯ ಕರೆಂಟಿಗೆ ಸೇರಿದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ನಮ್ಮ ಎರಡು ಡಬ್ಬಿ ಸುಟ್ಟವು, ಒಂದಕ್ಕೆ 1,800 ರೂಪಾಯಿ. ಈಗ ಮನೆಯ ಹೊರಗೇ ಎರಡು ಮೀಟರ್ ಮೊದಲು ಸ್ಟೀಲ್ ತಂತಿ ಕತ್ತರಿಸಿ ಬರೀ ಫೈಬರ್ ಒಳಗೆ ತಂದಿದ್ದಾರೆ. ಡಬ್ಬಿಯನ್ನು 12 ವೋಲ್ಟಿನ ಸಣ್ಣ ಬ್ಯಾಟರಿಗೆ ಹಾಕಿ, ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳುತ್ತೇವೆ. ಆಮೇಲೆ ಒಂದೂ ಸುಟ್ಟಿಲ್ಲ. ಹೊಸದಾಗಿ ಹಾಕಿಸುವವರು ಇದನ್ನು ಮೊದಲ ದಿನವೇ ಕೇಳಿ ಮಾಡಿಸಿಕೊಳ್ಳಿ.

ಇನ್ನೊಂದು ತೊಂದರೆ ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು. ಕೆಲವು ವೆಬ್‌ಸೈಟ್ ತೆರೆದರೆ "ನೀವು ಮನುಷ್ಯರೇ?" ಅಂತ ಕೇಳಿ ಟ್ರಾಫಿಕ್ ಲೈಟಿನ ಚಿತ್ರ ಆರಿಸಲು ಹೇಳುತ್ತಿತ್ತು, ಮತ್ತೆ ಮತ್ತೆ. ತೋಟಕ್ಕೆ ಹಾಕಿದ ಕ್ಯಾಮೆರಾ ತವರಿಗೆ ಹೋದಾಗ ಕಾಣುತ್ತಿರಲಿಲ್ಲ. ಕಾರಣ ಇದು. ಇಂಟರ್ನೆಟ್ಟಿನ ಹಳೆಯ ವಿಳಾಸಗಳು, ಅಂದರೆ ಪ್ರತಿ ಕನೆಕ್ಷನ್ನನ್ನು ಗುರುತಿಸುವ ನಂಬರುಗಳು, ಒಟ್ಟು ಸುಮಾರು 430 ಕೋಟಿ. ಏಷ್ಯಾದ ಪಾಲಿನದ್ದು 2011ರ ಏಪ್ರಿಲ್‌ನಲ್ಲೇ ಹೆಚ್ಚೂಕಡಿಮೆ ಬರಿದಾಯಿತು. ಆಮೇಲೆ ಬಂದ ನಮ್ಮಂಥ ಸಣ್ಣ ಕೇಬಲ್‌ನವರಿಗೆ ಸಿಕ್ಕಿದ್ದು ಬೆರಳೆಣಿಕೆ. ಹಾಗಾಗಿ ಒಂದು ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸುತ್ತಾರೆ. ಹೊರಗಿನವರಿಗೆ ನಾವೆಲ್ಲ ಒಬ್ಬರೇ ಆಗಿ ಕಾಣುತ್ತೇವೆ. ಒಂದು ಮನೆಯ ಕಂಪ್ಯೂಟರಿಗೆ ವೈರಸ್ ಬಂದರೆ ಅನುಮಾನ ಎಲ್ಲರ ಮೇಲೆ. ಪರಿಹಾರ ಹೊಸ ವಿಳಾಸ ಪದ್ಧತಿ, ಐಪಿವಿ6. ಅದನ್ನು ಹಾಕಿಕೊಡಿ ಅಂತ ಎರಡು ವರ್ಷ ಕೇಳಿದೆ. ಹೋದ ವರ್ಷ ಹಾಕಿದರು. ಕ್ಯಾಮೆರಾ ಈಗ ಕಾಣುತ್ತದೆ. ಚಿತ್ರ ಆರಿಸುವ ಕಾಟ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

ಹಳ್ಳದಾಚೆ ಐದು ಮನೆಗಳಿವೆ. ಅಲ್ಲಿಗೆ ಮೊದಲು ಕಾಲುಸಂಕದ ಪಕ್ಕ ಕೇಬಲ್ ಎಳೆದಿದ್ದರು. 2022ರ ಜುಲೈನಲ್ಲಿ ಹಳ್ಳ ಏರಿ ಸಂಕವನ್ನೂ ಕೇಬಲನ್ನೂ ಒಯ್ದಿತು. ಎರಡನೇ ಸಲ ಎಳೆದದ್ದೂ ಉಳಿಯಲಿಲ್ಲ. ಆಗ ನಮ್ಮ ಕೆಳಗಿನ ಮನೆಯ ಹುಡುಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದು ಮನೆಯಿಂದಲೇ ಕೆಲಸ ಮಾಡುತ್ತಿದ್ದವನು, ಇಂಟರ್ನೆಟ್ಟನ್ನು ಗಾಳಿಯಲ್ಲೇ ದಾಟಿಸುವ ಡಿಶ್ ಹಾಕೋಣ ಅಂದ. ನಮ್ಮ ನೀರಿನ ಟ್ಯಾಂಕಿನ ಮೇಲೆ ಒಂದು, ಆಚೆ ಗುಡ್ಡದಲ್ಲಿ ಒಂದು. ನಡುವೆ 1.4 ಕಿಲೋಮೀಟರ್. ಎರಡಕ್ಕೂ ಸೇರಿ 14,000 ರೂಪಾಯಿ, ಐದು ಮನೆಯವರು ಹಂಚಿಕೊಂಡರು. ಈ ಡಿಶ್ ಬಳಸುವ 5 ಗಿಗಾಹರ್ಟ್ಸ್ ಸುತ್ತಲಿನ ರೇಡಿಯೋ ಅಲೆಗಳಲ್ಲಿ ಹೆಚ್ಚಿನವನ್ನು 2018ರಲ್ಲಿ ಸರ್ಕಾರ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದೆ, ಹಾಗಾಗಿ ಡಿಶ್‌ಗೆ ಯಾರ ಅನುಮತಿಯೂ ಬೇಕಾಗಲಿಲ್ಲ. ಮನೆಮನೆಯ ಕನೆಕ್ಷನ್ ಕೇಬಲ್‌ನವರ ಹೆಸರಲ್ಲೇ, ಬಿಲ್ಲೂ ಅವರದ್ದೇ.

ಡಿಶ್ ಮಳೆಗೆ ನಿಲ್ಲುವುದಿಲ್ಲ ಅಂತ ಹಲವರು ಹೆದರಿಸಿದ್ದರು. ನಿಜ ಹೇಳಬೇಕೆಂದರೆ ಆಗುಂಬೆ ಸೀಮೆಯ ಮಳೆಯೂ ಇಷ್ಟು ಹತ್ತಿರದ ಡಿಶ್‌ಗೆ ಏನೂ ಮಾಡುವುದಿಲ್ಲ. ಮಾಡುವುದು ಒದ್ದೆ ಎಲೆ. ಡಿಶ್‌ನಿಂದ ಡಿಶ್‌ಗೆ ದಾರ ಎಳೆದ ಹಾಗೆ ಕಣ್ಣಿಗೆ ಕಂಡರೆ ಸಾಲದು. ಆ ದಾರದ ಸುತ್ತ, ನಡುಮಧ್ಯದಲ್ಲಿ, 4 ಮೀಟರಿನಷ್ಟು ಜಾಗ ಖಾಲಿ ಇರಬೇಕು. ನಮ್ಮಲ್ಲಿ ಆ ಜಾಗಕ್ಕೆ ಸರಿಯಾಗಿ ಸಿಲ್ವರ್ ಓಕ್ ಸಾಲು ಬೆಳೆದು ನಿಂತಿದೆ. ಬೇಸಿಗೆಯಲ್ಲಿ 60 ಎಂಬಿಪಿಎಸ್ ಹೋಗುವ ಕಡೆ ಮಳೆಗಾಲದಲ್ಲಿ 9. ಆದರೂ ನಿಲ್ಲುವುದಿಲ್ಲ.

ಅದೇ ಹುಡುಗ ಇನ್ನೊಂದು ಕೆಲಸ ಮಾಡಿದ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕೇಬಲ್‌ನವರ ಮುಖ್ಯ ಪೆಟ್ಟಿಗೆ ನಮ್ಮೂರಿನ ಹಾಲಿನ ಡೈರಿ ಕಟ್ಟಡದಲ್ಲಿದೆ, ಎರಡು ಲಾರಿ ಬ್ಯಾಟರಿಯ ಜೊತೆ. ಹದಿನೇಳು ಮನೆಯ ಎಳೆಯೂ ಅಲ್ಲಿ ಸೇರುತ್ತದೆ. ಅಲ್ಲಿಂದ ಪೇಟೆಗೆ ಹೋಗುವ ಲೈನ್ ಕಡಿದರೂ ಊರೊಳಗಿನದ್ದು ಹಾಗೇ ಇರುತ್ತದೆ ಅಲ್ವಾ? ಅದನ್ನು ಯಾಕೆ ಬಿಡಬೇಕು? ಕೇಬಲ್‌ನವರನ್ನು ಒಪ್ಪಿಸಿ ಅಲ್ಲೊಂದು ಅಂಗೈಯಗಲದ ಕಂಪ್ಯೂಟರ್ ಇಟ್ಟು, ಆಸ್ಟರಿಸ್ಕ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿದ. ಊರಿಗೇ ಒಂದು ಟೆಲಿಫೋನ್ ಎಕ್ಸ್‌ಚೇಂಜ್ ಆಯಿತು. ನಮ್ಮ ಡಬ್ಬಿಗಳ ಹಿಂದೆ ಫೋನಿನ ಒಂದು ತೂತು ಇರುತ್ತದೆ. ಅಟ್ಟಕ್ಕೆ ಹೋಗಿದ್ದ ಹಳೇ ಲ್ಯಾಂಡ್‌ಲೈನ್ ಫೋನುಗಳನ್ನು ಇಳಿಸಿ, ಒರೆಸಿ, ಅದಕ್ಕೆ ಚುಚ್ಚಿದೆವು. ನಮ್ಮ ಮನೆ 104. ಡೈರಿ 100. ಹಳ್ಳದಾಚೆಯ ಅಜ್ಜಿಯ ಮನೆ 115. ಬಿಲ್ಲಿಲ್ಲ, ಸಿಮ್ಮಿಲ್ಲ, ಪೇಟೆಯ ಹಂಗಿಲ್ಲ.

ಇದರಲ್ಲಿ ಒಂದು ದೊಡ್ಡ ತಪ್ಪೂ ಆಯಿತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಫೋನ್ ಓಡಲಿ ಅಂತ ಎಲ್ಲ ಮನೆಗಳನ್ನೂ ಒಂದೇ ನೆಟ್‌ವರ್ಕಿಗೆ ಸೇರಿಸಿಬಿಟ್ಟಿದ್ದರು. ಒಂದು ವಾರದ ಮೇಲೆ ಆ ಹುಡುಗನ ತಂಗಿ ಬಂದು, "ಚಿಕ್ಕಮ್ಮಾ, ನಿಮ್ಮ ಕಂಪ್ಯೂಟರಿನ ಫೋಲ್ಡರ್ ನಮ್ಮನೇಲಿ ಕಾಣ್ತಿದೆ" ಅಂದಳು. ನನ್ನ ಕೈಕಾಲು ತಣ್ಣಗಾಯಿತು. 31 ಅಂಗಡಿಯ ಲೆಕ್ಕ, ಪ್ಯಾನ್, ಬ್ಯಾಂಕಿನ ಕಾಗದ ಎಲ್ಲ ಅದರಲ್ಲೇ. ಯಾರೂ ತೆರೆದಿರಲಿಲ್ಲ ಅಂತ ಆ ಹುಡುಗಿಯ ಮಾತಿನ ಮೇಲೆ ನನಗೆ ನಂಬಿಕೆ ಇದೆ. ಆದರೆ ತೆರೆಯಬಹುದಿತ್ತು. ನನ್ನ ಅಂಗಡಿಯವರಿಗೆಲ್ಲ ಫೋನ್ ಮಾಡಿ ಹೀಗಾಗಿದೆ ಅಂತ ಹೇಳಿದೆ. ಒಬ್ಬರು ಬೇರೆ ಕಡೆ ಹೋದರು, ಅವರ ಮೇಲೆ ನನಗೆ ಬೇಸರವಿಲ್ಲ. ಕೇಬಲ್‌ನವರು ಅದೇ ರಾತ್ರಿ ಬಂದು ಫೋನಿಗೆ ಒಂದು ದಾರಿ, ಇಂಟರ್ನೆಟ್ಟಿಗೆ ಇನ್ನೊಂದು ದಾರಿ ಮಾಡಿ, ಮನೆಮನೆಯ ನಡುವೆ ಬೇಲಿ ಹಾಕಿದರು. ಎಲ್ಲ ಡಬ್ಬಿಗಳ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಇತ್ತು, ಅದನ್ನೂ ಬದಲಿಸಿದರು. ನಿಮ್ಮೂರಿನಲ್ಲಿ ಹೀಗೆ ಒಳಗಿನ ನೆಟ್‌ವರ್ಕ್ ಮಾಡುವುದಾದರೆ ಬೇಲಿ ಮೊದಲು ಹಾಕಿ, ಫೋನ್ ಆಮೇಲೆ.

2024ರ ಜುಲೈನ ಮಳೆ ನಮ್ಮ ಕಡೆಯವರು ಮರೆಯುವುದಿಲ್ಲ. ಧರೆ ಜಾರಿ ಕಂಬಗಳು ಬಿದ್ದು ಐದು ದಿನ ಕರೆಂಟಿಲ್ಲ. ಟವರ್ ಮೊದಲ ದಿನವೇ ಸತ್ತಿತು. ಪೇಟೆಯ ಫೈಬರ್ ಎರಡು ಕಡೆ ಕಡಿಯಿತು. ಪುಸ್ತಕದಲ್ಲಿ 6 ದಿನ ಅಂತ ಇರುವುದು ಅದೇ. ಮೂರನೇ ರಾತ್ರಿ ಒಂದೂವರೆ ಗಂಟೆಗೆ ನಮ್ಮ ಜಗಲಿಯ ಹಳೇ ಫೋನ್ ಹೊಡೆದುಕೊಂಡಿತು. 115. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ಸೊಂಟ. ಮನೆಯಲ್ಲಿ ಸೊಸೆ ಒಬ್ಬಳೇ. ನಮ್ಮವರು 107ಕ್ಕೆ ಮಾಡಿದರು, ಅವರ ಹತ್ತಿರ ಜೀಪಿದೆ. ನಾನು 109ಕ್ಕೆ ಮಾಡಿದೆ, ಅಲ್ಲಿ ಇಬ್ಬರು ಗಟ್ಟಿ ಹುಡುಗರಿದ್ದಾರೆ. ಹಳ್ಳದ ಮೇಲ್ಗಡೆಯಿಂದ ಸುತ್ತು ಹಾಕಿ, ದಾರಿಯ ಮರ ಕಡಿದು, ಬೆಳಗಿನ ಐದು ಗಂಟೆಗೆ ತೀರ್ಥಹಳ್ಳಿಯ ಆಸ್ಪತ್ರೆ ಮುಟ್ಟಿಸಿದರು. ಅಜ್ಜಿ ಈಗ ಕೋಲು ಹಿಡಿದು ಓಡಾಡುತ್ತಾರೆ. ದಿನಾ ಸಂಜೆ 104ಕ್ಕೆ ಒಂದು ಸಲ ಫೋನ್ ಮಾಡುತ್ತಾರೆ, ಸುಮ್ನೆ ಮಾತಾಡಲಿಕ್ಕೆ.

ಹೀಗೆ ಜನರೇ ಸೇರಿ ನೆಟ್‌ವರ್ಕ್ ಕಟ್ಟಿಕೊಂಡದ್ದು ನಮ್ಮೂರಿನಲ್ಲಿ ಮಾತ್ರ ಅಲ್ಲ. ಸ್ಪೇನಿನ ಕೆಟಲೋನಿಯಾದಲ್ಲಿ 2004ರ ಹೊತ್ತಿಗೆ, ದೊಡ್ಡ ಕಂಪನಿ ಒಳ್ಳೆಯ ಲೈನ್ ಕೊಡದ ಹಳ್ಳಿಗಳಲ್ಲಿ ಜನ ತಾವೇ ಡಿಶ್ ಕಟ್ಟಿಕೊಂಡರು. ಗುಯಿಫಿ ಅಂತ ಅದರ ಹೆಸರು, ಈಗ ಸಾವಿರಾರು ಮನೆಗಳಿಗೆ ಹರಡಿದೆ. ನಮ್ಮಲ್ಲೇ ತುಮಕೂರಿನ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆಯವರು ಹಳ್ಳಿಯವರ ಜೊತೆ ಸೇರಿ ಇಂಥ ವೈರ್‌ಲೆಸ್ ಜಾಲ ಕಟ್ಟಿದ್ದಾರೆ.

"ಉಪಗ್ರಹದ ಇಂಟರ್ನೆಟ್ ಬರುತ್ತಂತೆ, ಅಲ್ಲಿ ತನಕ ಕಾಯೋಣ" ಅನ್ನುವವರಿಗೆ ಒಂದೇ ಮಾತು. ಆ ಡಿಶ್‌ಗೆ ತೆರೆದ ಆಕಾಶ ಬೇಕು. ನಿಮ್ಮ ಅಂಗಳದಲ್ಲಿ ನಿಂತು ಮೇಲೆ ನೋಡಿ. ನಮ್ಮ ಅಂಗಳದಲ್ಲಿ ಕಾಣುವುದು ಅಡಿಕೆಯ ಸೋಗೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದದ್ದು ರಾತ್ರಿಯ ವೇಗಕ್ಕೆ. ಬೇಲಿಯ ತಪ್ಪಿಗೆ ಕಳೆದಿಲ್ಲ, ಯಾಕೆಂದರೆ ಒಪ್ಪಿಕೊಂಡರು, ಅದೇ ರಾತ್ರಿ ಬಂದರು. ಹಾಕಿಸುವ ಮುಂಚೆ ಎಷ್ಟು ಎಂಬಿಪಿಎಸ್ ಅಂತ ಕೇಳುವುದಕ್ಕಿಂತ ಮೊದಲು, ಗಾಜು ಬೆಸೆಯುವ ಮಿಷನ್ ಅವರದ್ದೇನಾ ಬಾಡಿಗೆಯದ್ದಾ ಅಂತ ಕೇಳಿ. ಬಾಡಿಗೆ ಮಿಷನ್ ಇರುವ ಕಡೆ ಮೂರು ದಿನ ಕಾಯಬೇಕಾಗುತ್ತದೆ, ಪಕ್ಕದ ಹೋಬಳಿಯಲ್ಲಿ ಅದನ್ನು ನೋಡಿದ್ದೇನೆ.

ಬರುವ ಭಾನುವಾರ ಆಚೆ ಗುಡ್ಡದ ಡಿಶ್ ಕಂಬವನ್ನು ಇನ್ನೂ ಹತ್ತು ಅಡಿ ಎತ್ತರಿಸುತ್ತಿದ್ದೇವೆ, ಸಿಲ್ವರ್ ಓಕ್ ತಲೆ ಮೇಲೆ ಹೋಗಬೇಕಲ್ಲ. ಮುಂಗಾರು ಹಿಡಿಯುವುದರೊಳಗೆ ಆಗಬೇಕು. ಪೈಪು ಬಂದಿದೆ, ಡೈರಿಯಲ್ಲಿ ಇಳಿಸಿದ್ದಾರೆ. ಮಧ್ಯಾಹ್ನದ ಊಟ 115ರಲ್ಲಿ.